ಎರಡು ಕ್ಯಾನ್ ಸಮುದ್ರ

"ಮೀನ ಬ್ಯಾಡ್ರಿ. ನನಗ ಸಮುದ್ರ ಬೇಕಾಗಿತ್ತು."

ಸವದತ್ತಿಯ ಮೀನು ಪೇಟೆಯಲ್ಲಿ ವ್ಯಾನಿನ ಹಿಂಬಾಗಿಲು ತೆರೆದು ಐಸ್ ಪೆಟ್ಟಿಗೆ ಇಳಿಸುತ್ತಿದ್ದ ಅತೀಕ ತಲೆ ಎತ್ತದೆಯೇ ಹೇಳಿದ, "ಅದು ಈ ವಾರ ಬಂದಿಲ್ರಿ. ಬಂಗಡೆ ಐತಿ, ತಾರ್ಲಿ ಐತಿ."

ಆಮೇಲೆ ತಲೆ ಎತ್ತಿದ. ಕಪ್ಪು ಬುರ್ಖಾ ತೊಟ್ಟ ಹುಡುಗಿಯೊಬ್ಬಳು ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದಳು. ಪೇಟೆಯಲ್ಲಿ ಎಲ್ಲರೂ ಮೂಗಿಗೆ ಸೆರಗು ಹಿಡಿದು ಓಡಾಡುವ ಜಾಗ ಅದು. ಅವಳು ಮಾತ್ರ ವ್ಯಾನಿನ ಹತ್ತಿರ ಬಂದು, ಮೂಗು ಅರಳಿಸಿ, ತವರಿನ ಓಣಿಗೆ ಬಂದವಳ ಹಾಗೆ ಉಸಿರೆಳೆದುಕೊಂಡಳು.

"ಸಮುದ್ರ ಅಂದ್ರ ಮೀನಲ್ರಿ. ಸಮುದ್ರದ ನೀರು. ವಾರಕ್ಕ ಎರಡು ಕ್ಯಾನ್. ನೀವು ಕಾರವಾರದಿಂದ ಬರ್ತೀರಲ್ಲ?"

"ನೀರು ಏನ್ ಮಾಡ್ತೀರಿ?"

"ಸಾಕ್ತೇನಿ."

"ನೀರನ್ನ?"

"ನೀರೊಳಗಿನವನ್ನ."

ಪಕ್ಕದಲ್ಲಿ ತನ್ನ ಬುಟ್ಟಿ ತುಂಬಿಸಿಕೊಳ್ಳುತ್ತಿದ್ದ ಬಾಯವ್ವ ಗಟ್ಟಿಯಾಗಿ ನಕ್ಕಳು. "ಕೇಳ್ರೆಪಾ, ಮೀನ ಮಾರೋನ ಕಡೆ ನೀರು ಕೇಳಾಕ ಬಂದಾಳ! ತಂದ್ಕೊಡು ತಮ್ಮಾ, ನಿನ್ನ ಗಂಟೇನ ಹೋಗತೈತಿ?"

ಅವಳ ಹೆಸರು ಹಿನಾಕೌಸರ. ಊರು ಸವದತ್ತಿಯೇ. ಆದರೆ ಎರಡು ವರ್ಷದಿಂದ ಕಾರವಾರದಲ್ಲಿ ಇದ್ದು ಪಿಎಚ್.ಡಿ ಮಾಡುತ್ತಿದ್ದಳು, ಅದೂ ಒಂದು ಶಂಖದ ಹುಳುವಿನ ಮೇಲೆ. ಕಾಳಿ ನದಿ ಸಮುದ್ರ ಸೇರುವಲ್ಲಿ ನೀರು ಇಳಿದಾಗ ತೆರೆದುಕೊಳ್ಳುವ ಕೆಸರು ಬಯಲಿದೆಯಲ್ಲ, ಅಲ್ಲಿ ಬದುಕುವ ಹುಳು. ಕಿರುಬೆರಳಿನ ಉಗುರಿನಷ್ಟು ಗಾತ್ರ, ಒದ್ದೆ ಮಣ್ಣಿನ ಬಣ್ಣ. ನೀರು ಏರಿದಾಗ ಕೆಸರೊಳಗೆ ಅಡಗುತ್ತದೆ, ಇಳಿದಾಗ ಹೊರಗೆ ಬಂದು ಮೇಯುತ್ತದೆ. ಅವಳ ಅಬ್ಬಾ ಯಾಕೂಬಸಾಬರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ತಾಯಿ ಇಲ್ಲದ ಮನೆ. ಹಿನಾ ಓದು ಬಿಟ್ಟು ಬರಬೇಕಾಯಿತು. ಬರುವಾಗ ನೂರಿಪ್ಪತ್ತು ಹುಳುಗಳನ್ನು ಕೆಸರಿನ ಸಮೇತ ಟ್ರೇಗಳಲ್ಲಿಟ್ಟುಕೊಂಡು ಬಂದಿದ್ದಳು.

ಇದೆಲ್ಲ ಅತೀಕನಿಗೆ ತಿಳಿದದ್ದು ಮುಂದಿನ ಬುಧವಾರ, ಎರಡು ಕ್ಯಾನ್ ನೀರು ಹೊತ್ತು ಅವರ ಮನೆಯ ಅಂಗಳಕ್ಕೆ ಹೋದಾಗ. ಇಬ್ಬರ ಮನೆಯಲ್ಲೂ ಉರ್ದು. ಆದರೆ ಪೇಟೆಯಲ್ಲಿ ಮೊದಲ ಮಾತು ಕನ್ನಡದಲ್ಲಿ ಆಗಿತ್ತು, ಅದೇ ಉಳಿಯಿತು.

"ನೋಡ್ರಿ, ಕಾರವಾರದಾಗ ನೀರು ಏರೂದಕ್ಕ, ಇಳಿಯೂದಕ್ಕ ಒಂದು ಹೊತ್ತೈತಿ. ಇವು ಇನ್ನೂ ಅದ ಹೊತ್ತಿಗೆ ಏಳ್ತಾವ, ಅದ ಹೊತ್ತಿಗೆ ಅಡಗ್ತಾವ. ನಾ ಇಲ್ಲಿ ಬ್ಯಾರೆ ಹೊತ್ತಿಗೆ ನೀರು ಏರಿಸಿ ಇಳಸ್ತೇನಿ. ಹಳೀ ಹೊತ್ತು ಮರೀಲಿಕ್ಕೆ ಒಂದೊಂದಕ್ಕ ಎಷ್ಟು ದಿನ ಹಿಡೀತೈತಿ, ಅದನ್ನ ನೋಡೂದು. ತೊಂಬತ್ತು ದಿನದ ಕೆಲಸ."

"ಮರೀಲಿಲ್ಲಾಂದ್ರ?"

"ಅದನ್ನೂ ಬರೀತೇನಿ."

ಹೀಗೆ ಸಮುದ್ರದಿಂದ ಇನ್ನೂರು ಕಿಲೋಮೀಟರ್ ದೂರದ ಆ ಅಂಗಳದಲ್ಲಿ ದಿನಕ್ಕೆ ಎರಡು ಸಲ ಸಮುದ್ರ ಬಂದು ಹೋಗುತ್ತಿತ್ತು. ಮಗಿನಿಂದ ನೀರು ಹನಿಸಿ ಏರಿಸುವುದು, ಸಣ್ಣ ಪೈಪಿನಿಂದ ಇಳಿಸುವುದು. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಒರಗಿದ್ದ ಯಾಕೂಬಸಾಬರು ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು, ಹೊತ್ತಾದ ಕೂಡಲೇ ಹೊರಸಿನ ಕಾಲಿಗೆ ಎಡಗೈಯ ಕೋಲಿನಿಂದ ಬಡಿಯುತ್ತಿದ್ದರು.

ಒಂದೊಂದು ಹುಳುವಿನ ಬೆನ್ನ ಮೇಲೂ ನೇಲ್ ಪಾಲಿಶ್‌ನಲ್ಲಿ ಬರೆದ ಅತಿ ಸಣ್ಣ ನಂಬರ್. ಅತೀಕ ಒಮ್ಮೆ ಕಾರವಾರದಿಂದ ಹಸಿರು ಬಣ್ಣದ ಪಾಲಿಶ್ ಶೀಶೆ ತಂದು, ಕ್ಯಾನಿನ ಜೊತೆ ಏನೂ ಅರಿಯದವನ ಹಾಗೆ ಇಟ್ಟು ಹೋದ. ಮುಂದಿನ ವಾರ ಅವಳ ಬೆರಳು ನೋಡಿದ. ಖಾಲಿ. ಟ್ರೇ ನೋಡಿದ. ತೊಂಬತ್ತೊಂದರಿಂದ ನೂರಿಪ್ಪತ್ತರವರೆಗೆ ಹಸಿರೋ ಹಸಿರು.

"ಭಾಳ ಉಪಕಾರ ಆತ್ರಿ. ಅಳಿಸಿಹೋದ ನಂಬರ್ ತಿರುಗಿ ಬರದೆ," ಎಂದಳು.

"ಅದು... ಹುಳಕ್ಕಂತ ತಂದಿರಲಿಲ್ರಿ."

ಅವಳು ಬಗ್ಗಿ ಟ್ರೇ ನೋಡುತ್ತಲೇ ಇದ್ದಳು. ಕಿವಿಯ ಹಿಂದಿನಿಂದ ಜಾರಿದ ಒಂದು ಎಳೆ ಕೂದಲು ಕೆನ್ನೆಯ ಮೇಲೆ ಅಲುಗಿತು. "ಗೊತ್ತೈತಿ," ಎಂದಳು ಮೆಲ್ಲಗೆ. ಅತೀಕ ಆ ಒಂದು ಮಾತನ್ನು ಬೈಲಹೊಂಗಲದವರೆಗೂ ಬಾಯೊಳಗೆ ಕಲ್ಲುಸಕ್ಕರೆಯ ಹಾಗೆ ಕರಗಿಸಿಕೊಂಡು ಹೋದ.

ಪ್ರತಿ ಬುಧವಾರ ಅವಳು ಮೊದಲು ಕೇಳುತ್ತಿದ್ದುದು ಒಂದೇ. "ಸಮುದ್ರ ಹೆಂಗಿತ್ರಿ?"

ಇಪ್ಪತ್ತೆಂಟು ವರ್ಷದ ಅತೀಕ ಬೈಲಹೊಂಗಲದ ಸೇಠರ ವ್ಯಾನ್ ಓಡಿಸಲು ಹಿಡಿದು ಐದು ವರ್ಷವಾಗಿತ್ತು. ಅಲ್ಲಿಯವರೆಗೆ ಒಂದು ದಿನವೂ ಸಮುದ್ರವನ್ನು ನೋಡಿರಲಿಲ್ಲ. ಐಸ್ ನೋಡಿದ್ದ, ತೂಕ ನೋಡಿದ್ದ, ರಸ್ತೆ ನೋಡಿದ್ದ. ಈಗ ಅವಳಿಗೆ ಹೇಳಬೇಕಲ್ಲ ಎಂದು ನೋಡತೊಡಗಿದ. ದಡದಲ್ಲಿ ನಿಂತು ಕ್ಯಾನ್ ತುಂಬಿಸುವಾಗ ಒಂದು ಹನಿ ನಾಲಿಗೆಗೆ ಹಚ್ಚಿಕೊಳ್ಳುವುದೂ ರೂಢಿಯಾಯಿತು. "ಮುಂಜಾನೆ ಹಾಲಿನಂಗ ಇತ್ರಿ, ದೂರ ಎರಡ ಬೋಟು, ಅವೂ ನಿದ್ದಿ ಮಾಡಾಕತ್ತಂಗ ಇದ್ವು," ಎನ್ನುತ್ತಿದ್ದ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮುಚ್ಚಿದ ಆ ಕಣ್ಣುಗಳನ್ನು ಅಳುಕಿಲ್ಲದೆ ನೋಡಲು ಅವನಿಗೆ ಸಿಗುತ್ತಿದ್ದ ಹೊತ್ತು ಅದೊಂದೇ.

ಇದನ್ನೆಲ್ಲ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದವರು ಹುಸೇನಮಾ. ಯಾಕೂಬಸಾಬರ ಅಕ್ಕ, ಹಿನಾಳ ಫುಫು. ತಮ್ಮನ ಆರೈಕೆಗೆಂದು ರಾಮದುರ್ಗದಿಂದ ಬಂದವರು ಬರಿಗೈಯಲ್ಲಿ ಬಂದಿರಲಿಲ್ಲ. ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ಹುಡುಗನೊಬ್ಬನ ಸಂಬಂಧವನ್ನೂ ತಂದಿದ್ದರು. ಆ ಮನೆಯವರಿಗೆ ಸೊಸೆ ಮುಂದೆ ಓದುವುದು ಬೇಡ. ದೊಡ್ಡ ಜಗಳವಾಗಿ, ಕೊನೆಗೆ ಫುಫು ಮತ್ತು ಹಿನಾ ಒಂದು ಮಾತಿಗೆ ಬಂದಿದ್ದರು. ತೊಂಬತ್ತು ದಿನದ ಈ ಕೆಲಸ ಪೂರ್ತಿಯಾದರೆ ಮದುವೆಯ ಮಾತು ಹಿನಾಳ ಇಷ್ಟ. ಕೆಟ್ಟರೆ ರಾಮದುರ್ಗಕ್ಕೆ ಹೂಂ ಅನ್ನಬೇಕು. ಫೆಲೋಶಿಪ್ ಡಿಸೆಂಬರಿಗೆ ಮುಗಿಯುವುದರಿಂದ ಕೆಲಸ ಮತ್ತೆ ಮೊದಲಿನಿಂದ ಹಿಡಿಯುವ ದಾರಿಯೂ ಇರಲಿಲ್ಲ.

"ನೀ ಮಾತು ಕೊಟ್ಟಿದ್ದೀ," ಎಂದು ಫುಫು ವಾರಕ್ಕೊಮ್ಮೆ ನೆನಪಿಸುತ್ತಿದ್ದರು, ಅದೂ ಅತೀಕ ಬಂದ ದಿನವೇ, ಅವನ ಕಿವಿಗೆ ಬೀಳುವ ಹಾಗೆ.

ಅಕ್ಟೋಬರಿನ ಒಂದು ಮಂಗಳವಾರ, ಐವತ್ಮೂರನೆಯ ದಿನ, ಅತೀಕ ಖಾಲಿ ವ್ಯಾನ್ ತೆಗೆದುಕೊಂಡು ಕಾರವಾರಕ್ಕೆ ಹೊರಟ. ಯಲ್ಲಾಪುರ ದಾಟುತ್ತಲೇ ಗಾಡಿಗಳ ಸಾಲು ನಿಂತಿತ್ತು. ಅರಬೈಲ ಘಟ್ಟದಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿತ್ತು. ನಾಳೆ ಸಂಜೆಯವರೆಗೆ ರಸ್ತೆ ಬಂದ್ ಎಂದರು. ಸೇಠ ಫೋನಿನಲ್ಲಿ, "ವಾಪಸ್ ಬಾ. ಈ ವಾರ ಮಾಲು ಬ್ಯಾಡ," ಎಂದ.

ಅತೀಕ ಹಿನಾಳಿಗೆ ಫೋನ್ ಹಚ್ಚಿದ. ಹೇಗೆ ಹೇಳುವುದೆಂದು ಮಾತು ಹೊಂದಿಸಿಕೊಂಡಿದ್ದ. ಬಾಯಿ ತೆರೆಯುವುದರೊಳಗೆ ಅವಳೇ ಮಾತಾಡಿದಳು.

"ನಾನ ಫೋನ್ ಮಾಡೂದಿತ್ರಿ. ಟ್ರೇದಾಗಿನ ನೀರು ವಾಸನಿ ಹಿಡದೈತಿ. ನಾಳೆ ನೀವು ಬಂದ ಕೂಡ್ಲೆ ಎಲ್ಲಾ ಬದಲಿ ಮಾಡ್ತೇನಿ. ಫುಫು ಇವತ್ತು ಮತ್ತ ಶುರು ಮಾಡ್ಯಾರ. ನಾ ಅಂದೆ, ಅತೀಕ್ ಅವ್ರು ಒಂದ್ ವಾರಾನೂ ತಪ್ಪಿಸಿಲ್ಲ, ನನ್ನ ಕೆಲಸ ಕೆಡೂದಿಲ್ಲ ಅಂತ." ದನಿ ತಗ್ಗಿಸಿ, "ನೀವಿದ್ದೀರಂತ ಧೈರ್ಯ ನೋಡ್ರಿ," ಎಂದಳು.

ಅವನು "ಹೂಂ" ಎಂದ. ಅಷ್ಟೇ.

ಬುಧವಾರ ಬೆಳಿಗ್ಗೆ ಧಾರವಾಡದ ಒಂದು ಕಿರಾಣಿ ಅಂಗಡಿಯಲ್ಲಿ ಉಪ್ಪಿನ ಪಾಕೀಟು ಕೊಂಡ. ಪೆಟ್ರೋಲ್ ಬಂಕಿನ ಹಿಂದಿನ ನಲ್ಲಿಯಲ್ಲಿ ಕ್ಯಾನ್ ತುಂಬಿಸಿ, ಮುಷ್ಟಿ ಮುಷ್ಟಿ ಸುರಿದು ಕಲಕಿದ. ನಾಲಿಗೆಗೆ ಹಚ್ಚಿ ನೋಡಿದ. ಇನ್ನೊಂದು ಮುಷ್ಟಿ. ಮತ್ತೆ ಹಚ್ಚಿ ನೋಡಿದ. ಸಮುದ್ರವೆಂದರೆ ಉಪ್ಪು, ನೀರು, ಇಷ್ಟೇ ತಾನೆ? ಒಂದು ವಾರದ ಮಾತು. ಮುಂದಿನ ವಾರ ಖರೇ ನೀರು ತಂದರಾಯಿತು. ಹೀಗೆ ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಕ್ಯಾನಿನ ಮುಚ್ಚಳ ಬಿಗಿದ.

ಅಂಗಳದಲ್ಲಿ ಅವಳು ಒಂದು ಹನಿ ನೀರನ್ನು ತನ್ನ ಉಪ್ಪಳೆಯುವ ದುರ್ಬೀನಿನ ಗಾಜಿನ ಮೇಲಿಟ್ಟು ಬೆಳಕಿಗೆ ಹಿಡಿದಳು. ಅತೀಕ ಬೇವಿನ ಮರದ ಕಡೆ ಮುಖ ತಿರುಗಿಸಿದ.

"ಮೂವತ್ಮೂರು. ಛಲೋ ಐತಿ." ದುರ್ಬೀನು ಇಳಿಸಿ ನಕ್ಕಳು. "ಸಮುದ್ರ ಹೆಂಗಿತ್ರಿ?"

ಆಗಲಾದರೂ ಹೇಳಬಹುದಿತ್ತು.

"ಶಾಂತ ಇತ್ರಿ," ಎಂದ ಅತೀಕ. "ಭಾಳ ಶಾಂತ ಇತ್ತು."

ಅವಳು ಕಣ್ಣು ಮುಚ್ಚಿಕೊಂಡಳು. ಆ ದಿನ ಅವನಿಗೆ ಆ ಮುಖ ನೋಡಲಾಗಲಿಲ್ಲ.

ಶನಿವಾರ ಮಧ್ಯಾಹ್ನ ಫೋನ್ ಬಂತು. ಹಿನಾಳದು. "ಏಳವಲ್ವು," ಎಂದಳು. "ಒಂದೂ ಏಳವಲ್ವು ಅತೀಕ್."

ಬೈಲಹೊಂಗಲದಿಂದ ಸವದತ್ತಿಗೆ ಬೈಕ್ ಹೇಗೆ ಓಡಿಸಿದನೋ ಅವನಿಗೇ ಗೊತ್ತಿಲ್ಲ. ಅಂಗಳಕ್ಕೆ ಕಾಲಿಡುವ ಮೊದಲೇ ವಾಸನೆ ಬಂತು. ಹಿನಾ ನೆಲದ ಮೇಲೆ ಕುಳಿತು ಒಂದೊಂದೇ ಹುಳುವನ್ನು ಸೂಜಿಯಿಂದ ಮೆಲ್ಲಗೆ ಮುಟ್ಟುತ್ತಿದ್ದಳು. ಬದುಕಿದ್ದರೆ ಅದು ಬಾಯಿಯ ಪುಟ್ಟ ಬಾಗಿಲನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಸತ್ತದ್ದರ ಬಾಗಿಲು ಸಡಿಲವಾಗಿ ಜೋತಿರುತ್ತದೆ. ಎಡಗಡೆ ಸತ್ತವುಗಳ ರಾಶಿ, ಬಲಗಡೆ ಬದುಕಿದವು. ಎಡಗಡೆಯ ರಾಶಿ ದೊಡ್ಡದಿತ್ತು.

"ಎಂಬತ್ತೊಂದು ಹೋದ್ವು. ಇನ್ನೂ ಮೂವತ್ತೊಂಬತ್ತು ಅದಾವ." ಹೊಸ ನೀರೆಲ್ಲ ಟ್ರೇಗಳಿಗೆ ಸುರಿದಾಗಿತ್ತು; ಕಳೆದ ವಾರದ ಹಳೆಯ ನೀರು ಕ್ಯಾನಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಉಳಿದ ಹುಳುಗಳನ್ನು ತೊಳೆದ ಸಣ್ಣ ಟ್ರೇಗೆ ಹಾಕಿ, ಆ ನೀರು ಸುರಿದಿದ್ದಳು.

"ಯಾಕ... ಹಿಂಗ್ಯಾಕ ಆತು?" ಅತೀಕನಿಗೆ ತನ್ನ ದನಿಯೇ ಬೇರೆ ಯಾರದೋ ಅನಿಸಿತು.

"ನನ್ನ ತಪ್ಪರಿ. ಅಬ್ಬಾನ ಅರಿವಿ ಒಕ್ಕೊಂಡು ಬಂದು ಕೈ ಸರಿ ತೊಳ್ಕೊಂಡಿಲ್ಲೋ ಏನೋ. ಸೋಪು ತಾಕಿರಬೇಕು." ಅಲ್ಲಿಗೆ ದನಿ ಒಡೆಯಿತು. "ಇಲ್ಲಾಂದ್ರ ಫುಫು. ಮೊನ್ನೆ ಅಂಗಳಕ್ಕ ಫಿನಾಯಿಲ್ ಹಾಕ್ಯಾರ. ಬ್ಯಾಡ ಬ್ಯಾಡ ಅಂದಿದ್ದೆ!"

ಬಾಗಿಲಲ್ಲಿ ಹುಸೇನಮಾ ನಿಂತಿದ್ದರು. "ಅಲ್ಲಾನ ಆಣಿಗೂ ನಾ ಇತ್ತಾಗ ಹಾಕಿಲ್ಲಬೇ. ಬಚ್ಚಲದ ಕಡೆ ಹಾಕೇನಿ," ಎನ್ನುತ್ತ ಸೆರಗಿನಿಂದ ಮೂಗು ಒರೆಸಿಕೊಂಡರು. "ನಿನ್ನ ಓದು ನನಗ ಸೇರೂದಿಲ್ಲ, ಖರೆ. ಆದ್ರ ಹಿಂತಾ ಕೆಲಸ ಮಾಡೋಳಲ್ಲ ನಾ."

"ನೀರಿಂದ ಏನರೆ..." ಎಂದು ಅತೀಕ ಶುರು ಮಾಡಿದ.

"ನೀರು ನಾನ ನೋಡೇನಿ. ಸರಿ ಇತ್ತು. ಅದೂ ಅಲ್ದ ನೀವು ತಂದ ನೀರಿನ ಮ್ಯಾಲೆ ಅನುಮಾನ ಪಡೂವಷ್ಟು ಕೆಟ್ಟಾಕಿ ಅಲ್ರಿ ನಾ." ಅವಳು ಮುಖ ಎತ್ತಿದಳು. ಅತ್ತು ಕೆಂಪಾದ ಕಣ್ಣಿನಲ್ಲಿ ಅಷ್ಟೊಂದು ನಂಬಿಕೆ ನೋಡಿ ಅತೀಕ ಮುಖ ತಗ್ಗಿಸಿದ. ಅವಳು ಫುಫು ಕಡೆ ತಿರುಗಿದಳು. "ಫೋನ್ ಮಾಡ್ರಿ ರಾಮದುರ್ಗಕ್ಕ. ಶುಕ್ರವಾರ ಬರ್ಲಿ. ಮಾತು ಕೊಟ್ಟೇನಿ, ತಪ್ಪೂದಿಲ್ಲ."

ಹೊರಸಿನ ಮೇಲೆ ಯಾಕೂಬಸಾಬರು ಏನೋ ಹೇಳಲು ಬಾಯಿ ಆಡಿಸಿದರು. ಹೊರಟದ್ದು ಬರಿ ಗೊಗ್ಗರು ಸದ್ದು.

ಅತೀಕ ಹೇಳಲಿಲ್ಲ. ಹೇಡಿಯ ಹಾಗೆ ಎದ್ದು ಬಂದ. ಉಗರಗೋಳದ ತಿರುವಿನಲ್ಲಿ ಬೈಕ್ ನಿಲ್ಲಿಸಿ, ದೇವಿಯ ಗುಡ್ಡಕ್ಕೆ ಹೋಗುವ ಭಕ್ತರ ಗಾಡಿಗಳು ಒಂದರ ಹಿಂದೊಂದು ಹಾದುಹೋಗುವುದನ್ನು ನೋಡುತ್ತ ಕಲ್ಲಿನ ಮೇಲೆ ಕುಳಿತುಬಿಟ್ಟ. ಹೇಳಿದರೆ ಅವಳ ಕಣ್ಣಿನ ಆ ನಂಬಿಕೆ ಸಾಯುತ್ತದೆ. ಹೇಳದಿದ್ದರೆ ಅವಳು ಶುಕ್ರವಾರ ಇನ್ನೊಬ್ಬನಿಗೆ ಹೂಂ ಅನ್ನುತ್ತಾಳೆ, ಅದೂ ತನ್ನ ಕೈಯನ್ನೇ ಶಪಿಸಿಕೊಂಡು. ಎರಡರಲ್ಲೂ ಅವಳು ತನಗೆ ಇಲ್ಲ. ಭಾನುವಾರ ತಾಯಿ ಊಟಕ್ಕೆ ಕರೆದರೆ ತಟ್ಟೆಯ ಮುಂದೆ ಕುಳಿತು, ಪಲ್ಯದ ಉಪ್ಪು ನಾಲಿಗೆಗೆ ತಾಗಿದ್ದೇ ಎದ್ದು ಹಿತ್ತಲಿಗೆ ಓಡಿದ. ಸೋಮವಾರ ಅವಳ ನಂಬರ್ ಹನ್ನೊಂದು ಸಲ ತೆಗೆದು ಹನ್ನೊಂದು ಸಲ ಮುಚ್ಚಿದ. ಮಂಗಳವಾರ ಘಟ್ಟ ಇಳಿದು ಕಾರವಾರಕ್ಕೆ ಹೋಗಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಕ್ಯಾನ್ ತುಂಬಿಸಿದ. ಅದೇ ನೀರು, ಅದೇ ಉಪ್ಪು. ನಾಲಿಗೆಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಆ ಹುಳುಗಳಿಗೆ ತಿಳಿದಿತ್ತು.

ಬುಧವಾರ ಬೆಳಿಗ್ಗೆ ಅಂಗಳದಲ್ಲಿ ಕ್ಯಾನ್ ಇಳಿಸಿದವನೇ, ಕುಳಿತುಕೊಳ್ಳದೆ, ಎಲ್ಲರ ಮುಂದೆ ಹೇಳಿಬಿಟ್ಟ.

"ಹೋದ ವಾರ ತಂದದ್ದು ಸಮುದ್ರದ ನೀರಲ್ರಿ. ಘಟ್ಟ ಬಂದ್ ಇತ್ತು. ನಲ್ಲಿ ನೀರಿಗೆ ಉಪ್ಪು ಕಲಸಿ ಕೊಟ್ಟೆ. ನಿಮ್ಮ ಕೈದು ತಪ್ಪಿಲ್ಲ. ಫುಫು ಅವ್ರದ್ದೂ ತಪ್ಪಿಲ್ಲ. ನಂದು."

ಹಿನಾ ಅವನನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ನೋಟ್‌ಬುಕ್ ತಂದು, ಟ್ರೇ ಪಕ್ಕ ಕುಳಿತು ಪೆನ್ನು ತೆಗೆದಳು.

"ಯಾವ ಉಪ್ಪು?"

"ಪಾಕೀಟಿಂದು."

"ಅಯೋಡಿನ್ ಇದ್ದದ್ದೋ, ಇಲ್ಲದ್ದೋ?"

"ಇದ್ದದ್ದು ಇರಬೇಕ್ರಿ."

"ಒಂದು ಕ್ಯಾನಿಗೆ ಎಷ್ಟು?"

"ನಾಲಿಗಿಲೆ ನೋಡಿ ಹಾಕಿದೆ."

ಪೆನ್ನು ನಿಂತಿತು. "ನಾಲಿಗಿಲೆ," ಎಂದಳು. ಬರೆದುಕೊಂಡಳು. "ನೀರು ಎಲ್ಲಿಂದ?"

"ಧಾರವಾಡದ ಪೆಟ್ರೋಲ್ ಬಂಕಿನ ನಲ್ಲಿ."

"ಎಷ್ಟೊತ್ತಿಗೆ?"

"ಏಳೂವರಿ."

ಪ್ರತಿ ಉತ್ತರವನ್ನೂ ಬರೆದುಕೊಂಡಳು. ಅಕ್ಷರದ ಮೇಲೆ ಕಣ್ಣೀರು ಬಿದ್ದು ಶಾಯಿ ಹರಡುತ್ತಿತ್ತು. ಅಂಗೈಯಿಂದ ಒರೆಸಿ ಮತ್ತೆ ಬರೆಯುತ್ತಿದ್ದಳು. ಬೈದಿದ್ದರೆ, ಕೈಗೆ ಸಿಕ್ಕಿದ್ದು ಎಸೆದಿದ್ದರೆ ಅತೀಕ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯುವುದು ಅವನಿಂದಾಗಲಿಲ್ಲ.

"ಯಾಕ ಮಾಡಿದ್ರಿ?" ಎಂದಳು ಕೊನೆಗೆ, ತಲೆ ಎತ್ತದೆ.

"ನಿಮ್ಮ ಮುಂದ ಖಾಲಿ ಕ್ಯಾನ್ ಹಿಡ್ಕೊಂಡು ನಿಂದ್ರಾಕ ಆಗಲಿಲ್ಲ."

"ಯಾಕ?"

"ನೀವಂದ್ರ ನನಗ ಜೀವ. ಅದಕ್ಕ."

ಯಾಕೂಬಸಾಬರ ಕೋಲು ಅವರ ಕೈಯಲ್ಲೇ ನಿಂತಿತ್ತು.

"ಸಮುದ್ರ ಶಾಂತ ಇತ್ತು ಅಂದ್ರಿ," ಎಂದಳು ಹಿನಾ. "ನಾ ಕಣ್ಣ ಮುಚ್ಚಿ ನೋಡಿದೆ ಅದನ್ನ. ಖರೇನ ಕಂಡಿತ್ತು ನನಗ." ನೋಟ್‌ಬುಕ್ ಮುಚ್ಚಿದಳು. "ನೀರು ಬೇಕು, ವಾರ ವಾರ ತಂದು ಗೇಟಿನ ಹೊರಗ ಇಟ್ಟು ಹೋಗ್ರಿ. ಒಳಗ ಬರಬ್ಯಾಡ್ರಿ."

ಅವನು ಗೇಟು ದಾಟುವಾಗ ಹಿಂದೆ ಹುಸೇನಮಾರ ದನಿ ಕೇಳಿಸಿತು. ಅವರು ರಾಮದುರ್ಗಕ್ಕೆ ಫೋನ್ ಹಚ್ಚಿದ್ದರು. "ಶುಕ್ರವಾರ ಬರೂದು ಬ್ಯಾಡ್ರಿ. ಇಲ್ಲ, ಹುಡುಗಿ ಕೆಲಸ ಆಕೀ ತಪ್ಪಿನಿಂದ ಕೆಟ್ಟಿಲ್ಲ. ಹಂಗಂದ ಮ್ಯಾಲ ನಮ್ಮ ಮಾತೂ ನಿಂದ್ರೂದಿಲ್ಲ. ಉಳದ ಹುಳದಾಗ ಮುಗಸ್ತಾಳ ಅದನ್ನ." ಫೋನಿಟ್ಟು, ಯಾರಿಗೋ ಹೇಳುವ ಹಾಗೆ ಹೇಳಿದರು, "ಸುಮ್ನಿದ್ದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ನನ್ನ ಮ್ಯಾಲಿನ ಹೊಲಸು ತೊಳದು ಹೋದ."

ಐದು ವಾರ.

ಪ್ರತಿ ಬುಧವಾರ ಅತೀಕ ಗೇಟಿನ ಹೊರಗೆ ಎರಡು ತುಂಬಿದ ಕ್ಯಾನ್ ಇಡುತ್ತಿದ್ದ, ತೊಳೆದು ಬೋರಲು ಹಾಕಿದ ಎರಡು ಖಾಲಿ ಕ್ಯಾನ್ ಎತ್ತಿಕೊಳ್ಳುತ್ತಿದ್ದ. ತನ್ನ ಮಾತಿಗೆ ಇನ್ನು ಬೆಲೆಯಿಲ್ಲವೆಂದು ಗೊತ್ತಿತ್ತು. ಹಾಗಾಗಿ ಕಾರವಾರದಲ್ಲಿ ನೀರು ತುಂಬಿಸುವಾಗ ಫೋಟೊ ತೆಗೆದು ಕಳಿಸತೊಡಗಿದ. ದಡ, ಕ್ಯಾನ್, ತನ್ನ ಕಾಲು, ಕೆಳಗೆ ತಾರೀಖು ಮತ್ತು ಹೊತ್ತು. ಒಂದು ಅಕ್ಷರ ಹೆಚ್ಚಿಗೆ ಬರೆಯಲಿಲ್ಲ. ಎರಡು ನೀಲಿ ಗೆರೆ ಬೀಳುತ್ತಿದ್ದವು. ನೋಡಿದ್ದಾಳೆ. ಉತ್ತರವಿಲ್ಲ. ಯಲ್ಲಾಪುರದ ಚಹಾದಂಗಡಿಯಲ್ಲಿ, ಟೋಲಿನಲ್ಲಿ, ಮುರಗೋಡ ಮಠದ ಮುಂದೆ ದನ ದಾಟಲೆಂದು ನಿಂತಾಗ, ಎಲ್ಲೆಂದರಲ್ಲಿ ಫೋನ್ ತೆಗೆದು ಆ ನೀಲಿ ಗೆರೆಗಳನ್ನೇ ನೋಡುತ್ತಿದ್ದ. ಗೇಟಿನ ಆ ಕಡೆ ಮಗಿನಿಂದ ನೀರು ಹನಿಯುವ ಸದ್ದು ಕೇಳಿಸಿದರೆ ಕಾಲು ಮುಂದೆ ಹೋಗುತ್ತಿರಲಿಲ್ಲ. ನಿಂತರೆ ಅವಳಿಗೆ ತಿಳಿದೀತೆಂದು ನಿಲ್ಲುತ್ತಲೂ ಇರಲಿಲ್ಲ.

"ಹಿಂಗ ಬತ್ತಿಹೋದ್ರ ಹೆಂಗೋ ತಮ್ಮಾ," ಎಂದಳು ಬಾಯವ್ವ ಒಂದು ದಿನ, ಬುಟ್ಟಿ ಹೊತ್ತುಕೊಳ್ಳುತ್ತ. "ಆಕಿ ಬೈದ್ಲೇನು?"

"ಬೈಯಾಂಗಿಲ್ಲ ಅಕ್ಕ. ಅದ ತ್ರಾಸು."

ನಾಲ್ಕನೆಯ ವಾರ ಖಾಲಿ ಕ್ಯಾನಿನ ಪಕ್ಕ ಒಂದು ಡಬ್ಬಿ ಇತ್ತು. ಜೋಳದ ರೊಟ್ಟಿ, ಶೇಂಗಾ ಹಿಂಡಿ. ಎರಡೂ ಕೈಯಲ್ಲಿ ಎತ್ತಿಕೊಂಡ. ತೆರೆದ ಕಿಟಕಿಯಿಂದ ಹುಸೇನಮಾ ಕೂಗಿದರು, "ನಾನ ಇಟ್ಟೇನಿ, ಆಕಿ ಅಲ್ಲ. ತಿನ್ನು, ಕಡ್ಡಿ ಆಗಿದ್ದಿ." ಊರ ಹೊರಗೆ ವ್ಯಾನ್ ನಿಲ್ಲಿಸಿ ತಿಂದ. ತಿನ್ನುತ್ತ ಅತ್ತ.

ತೊಂಬತ್ತನೆಯ ದಿನ ಕಳೆದು ನಾಲ್ಕು ದಿನಕ್ಕೆ, ಸೋಮವಾರ ಸಂಜೆ ಅವಳ ಫೋನ್ ಬಂತು. ಐದು ವಾರದ ಮೇಲೆ ಆ ದನಿ.

"ನಾಳೆ ಕಾರವಾರಕ್ಕ ವ್ಯಾನ್ ಖಾಲಿ ಹೋಗತೈತೇನ್ರಿ?"

"ಹೂಂ."

"ಹುಳ ವಾಪಸ್ ಬಿಡಬೇಕು. ನಾನೂ ಅಲ್ಲೇ ಇರಾಕ ಹೊಂಟೇನಿ. ಅಬ್ಬಾನೂ ಬರ್ತಾರ, ಅವ್ರಿಗೆ ಅಲ್ಲಿ ಡಾಕ್ಟರಿಗೆ ತೋರಸಬೇಕು. ಮುಂಜಾನೆ ಆರಕ್ಕ ಬರ್ರಿ."

ಮರುದಿನ ಯಾಕೂಬಸಾಬರನ್ನು ಅತೀಕ ಮಗುವಿನ ಹಾಗೆ ಎತ್ತಿ ಮುಂದಿನ ಸೀಟಿನಲ್ಲಿ ಕೂಡಿಸಿದ. ಅವರ ಆ ಕಡೆ ಹಿನಾ, ತೊಡೆಯ ಮೇಲೆ ಮುಚ್ಚಿದ ಟ್ರೇ. ಇಡೀ ದಾರಿ ಅವಳು ಟ್ರೇಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದಳು. ಘಟ್ಟದ ಒಂದು ತಿರುವಿನಲ್ಲಿ, ಉರುಳಿದ ಟ್ಯಾಂಕರ್ ರಸ್ತೆಯ ಬದಿಯ ಕಲ್ಲು ಕಿತ್ತ ಜಾಗ ಕಂಡಿತು. ಅವಳು ಕುತ್ತಿಗೆ ತಿರುಗಿಸಿ ಅದು ಮರೆಯಾಗುವವರೆಗೂ ನೋಡಿದಳು. ನಡುವೆ ಕುಳಿತ ಮುದುಕರು ಒಮ್ಮೆ ಮಗಳ ಕಡೆ, ಒಮ್ಮೆ ಅತೀಕನ ಕಡೆ ನೋಡಿ, ಎಡಗೈಯಿಂದ ಅತೀಕನ ಮೊಣಕಾಲನ್ನು ಒಂದು ಸಲ ತಟ್ಟಿ ಕಣ್ಣು ಮುಚ್ಚಿಕೊಂಡರು.

ಕಾಳಿ ನದಿಯ ಬಾಯಿಯಲ್ಲಿ ಮಧ್ಯಾಹ್ನದ ನೀರು ಇಳಿದಿತ್ತು. ಕಣ್ಣು ಹಾಯುವವರೆಗೆ ಬೂದು ಕೆಸರು, ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. ದಂಡೆಯ ಒಂದು ಅಂಗಡಿಯವನಿಂದ ಕುರ್ಚಿ ಇಸಿದುಕೊಂಡು ಅತೀಕ ಯಾಕೂಬಸಾಬರನ್ನು ಕೂಡಿಸಿದ. ಹಿನಾ ಚಪ್ಪಲಿ ಬಿಚ್ಚಿ, ಟ್ರೇ ಹಿಡಿದು ಕೆಸರಿಗೆ ಇಳಿದಳು. ಅವನು ದಂಡೆಯಲ್ಲೇ ನಿಂತ.

"ಟ್ರೇ ಹಿಡಿಯೋರು ಬೇಕಾಗ್ಯಾರ," ಎಂದಳು, ತಿರುಗಿ ನೋಡದೆ.

ಅವನು ಪ್ಯಾಂಟು ಮಡಚಿಕೊಂಡು ಇಳಿದ. ಮೀನಖಂಡದವರೆಗೆ ಕೆಸರು ಹಿಡಿದುಕೊಂಡಿತು. ಅವನು ಟ್ರೇ ಹಿಡಿದ, ಅವಳು ಒಂದೊಂದೇ ಹುಳು ಎತ್ತಿ, ನಂಬರ್ ಓದಿ, ಕೆಸರಿನ ಮೇಲಿಡುತ್ತ ಹೋದಳು. ಕಾಲ ಕೆಳಗೆ ಅದೇ ಜಾತಿಯ ಸಾವಿರಾರು ಹುಳುಗಳು ಓಡಾಡುತ್ತಿದ್ದವು.

"ಮೂವತ್ತೊಂದು ಉಳದ್ವು," ಎಂದಳು. "ಗೈಡ್ ಮೇಡಂ ಹೇಳಿದ್ರು, ಲೆಕ್ಕ ಕಡಿಮಿ ಆತು, ಆದ್ರೂ ನಡೀತೈತಿ. ಏನಾತಂತ ಸ್ವಚ್ಛ ಬರೀಬೇಕು ಅಂತ."

"ಬರದ್ರೇನು?"

"ಬರದೆ. ಐವತ್ನಾಲ್ಕನೇ ದಿನ ನೀರು ತರೋರು ಸಮುದ್ರದ ನೀರಿನ ಬದಲಿ ಅಡಗಿ ಉಪ್ಪಿನ ನೀರು ಕೊಟ್ರು, ಎಂಬತ್ತೊಂಬತ್ತು ಸತ್ವು ಅಂತ."

"ಹೆಸರು ಹಾಕಿದ್ರೇನು?"

"ಇಲ್ಲ." ಮೊದಲ ಸಲ ಅವನ ಕಡೆ ನೋಡಿದಳು. "ಹಾಕಬೇಕಾಗಿತ್ತೇನು?"

"ಹಾಕ್ರಿ," ಎಂದ ಅತೀಕ. "ಹಂಗರೆ ನನ್ನ ಹೆಸರು ನಿಮ್ಮ ಪುಸ್ತಕದಾಗ ಉಳೀಲಿ."

ಅವಳ ತುಟಿ ಅದುರಿತು. ನಗುವೋ ಅಳುವೋ ತಿಳಿಯಲಿಲ್ಲ. ಮತ್ತೊಂದು ಹುಳು ಇಡಲು ಬಗ್ಗಿದಳು.

"ಮೂರನೇ ವಾರದ ಫೋಟೊದಾಗ ಕಾಲು ಪೂರ್ತಿ ಒದ್ದಿ ಇತ್ತು, ಅಂಗಿ ಚುಂಗೂ ಕಾಣಸ್ತಿತ್ತು, ಅದೂ ಒದ್ದಿ. ಏನಾಗಿತ್ತು?"

"ದೊಡ್ಡ ಅಲೆ ಬಂದು..." ಎಂದವನು ನಿಲ್ಲಿಸಿದ. "ಇಲ್ರಿ. ಕಲ್ಲಿನ ಮ್ಯಾಲ ಜಾರಿ ಬಿದ್ದೆ."

"ಪೆಟ್ಟಾತೇನು?"

"ಆತು. ಕ್ಯಾನ್ ಬಿಡಲಿಲ್ಲ."

ಟ್ರೇ ಖಾಲಿಯಾಯಿತು. ಅವಳು ಕೆಸರಿನ ಕೈಯನ್ನು ಹಾಗೇ ಇಳಿಬಿಟ್ಟು ನಿಂತಳು. ದೂರದಲ್ಲಿ ನೀರಿನ ಅಂಚು ಬೆಳ್ಳಗೆ ಗೆರೆಯಾಗಿ ಈ ಕಡೆ ಬರುತ್ತಿತ್ತು.

"ಅವತ್ತು ಘಟ್ಟ ಬಂದ್ ಐತಿ ಅಂದಿದ್ರ ನಾ ಅಳ್ತಿದ್ದೆ," ಎಂದಳು. "ನಿಮ್ಮ ಮುಂದ ಅಳ್ತಿದ್ದೆ. ಅಷ್ಟ. ಅದಕ್ಕೂ ಬಿಡಲಿಲ್ಲ ನೀವು."

ಅತೀಕ ಖಾಲಿ ಟ್ರೇ ಎದೆಗೆ ಅವಚಿ ಹಿಡಿದಿದ್ದ. ಕಣ್ಣೀರು ಇಳಿದದ್ದು ಅವನಿಗೆ ಗೊತ್ತಾದದ್ದು ತುಟಿಗೆ ತಾಗಿದಾಗ.

"ನಾ ಇನ್ನೂ ನಿಮ್ಮನ್ನ ಪೂರ್ತಿ ನಂಬಿಲ್ರಿ."

"ಗೊತ್ತೈತ್ರಿ."

"ನಂಬಾಕ ಭಾಳ ದಿನ ಹಿಡೀತೈತಿ."

"ಹಿಡೀಲಿ. ನಾ ಎಲ್ಲೂ ಹೋಗೂದಿಲ್ಲ. ವಾರಕ್ಕೊಮ್ಮಿ ಇದ ದಾರಿ ನಂದು."

ಅವಳು ತೋಳಿನಿಂದ ಕೆನ್ನೆ ಒರೆಸಿಕೊಂಡಳು. ಕೆನ್ನೆಯ ಮೇಲೆ ಕೆಸರಿನ ಉದ್ದ ಗೆರೆ ಮೂಡಿತು. "ಫುಫು ನಿಮ್ಮ ಅಮ್ಮೀ ನಂಬರ್ ಕೇಳ್ಯಾರ."

"ಯಾಕಂತ?"

"ನನಗೇನ ಗೊತ್ತು? ಯಾವ ಅಂಗಡಿ ಉಪ್ಪು ಅಂತ ಕೇಳಾಕಿರಬೇಕು."

ಅತೀಕ ದಂಗಾಗಿ ನಿಂತುಬಿಟ್ಟ. ತಣ್ಣನೆಯ ನೀರು ಬಂದು ಕಾಲು ಮುಟ್ಟಿತು. ಇಟ್ಟ ಹುಳುಗಳು ಒಂದೊಂದಾಗಿ ಕೆಸರೊಳಗೆ ಇಳಿಯತೊಡಗಿದ್ದವು. ದಂಡೆಯ ಮೇಲಿಂದ ಯಾಕೂಬಸಾಬರು ಎಡಗೈ ಎತ್ತಿ ಬೀಸಿ ಕರೆಯುತ್ತಿದ್ದರು. ಹಿನಾ ಒಂದು ಹೆಜ್ಜೆ ಕಿತ್ತಿಟ್ಟಳು, ಎರಡನೆಯದಕ್ಕೆ ಕಾಲು ಹೂತುಕೊಂಡಿತು. ಕೆಸರಾದ ಕೈಯನ್ನು ಅವನ ಕಡೆ ಚಾಚಿದಳು.

"ನೀರು ಬಂತು, ನಡಿ."

ಅವನು ಬೆಚ್ಚಿ ನೋಡಿದ. "ಏನಂದ್ರಿ?"

"ನಡಿ ಅಂದೆ. ಕಿವಿ ಕೇಳಾಂಗಿಲ್ಲೇನು ನಿನಗ?"

ಅತೀಕ ಆ ಕೈ ಹಿಡಿದುಕೊಂಡ.